ಮೆಟ್ಟಿಲು ಗುಡಿಸುವ ಸರದಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



"ನೀನು ಫಾರಿನ್‌ಗೆ ಹೋಗಿ ಓದಿ ಬಂದವನು, ಅದರ ಬಗ್ಗೆ ಮಕ್ಕಳಿಗೆ ಎರಡು ಮಾತು ಹೇಳಪ್ಪ" ಅಂತ ಮೇಷ್ಟ್ರು ಫೋನ್ ಮಾಡಿದರು. ನಾನು ಹೋಗಿದ್ದು ಒಂದೇ ಒಂದು ಸೆಮಿಸ್ಟರಿಗೆ. 2010ರ ಅಕ್ಟೋಬರ್‌ನಿಂದ 2011ರ ಮಾರ್ಚ್‌ವರೆಗೆ, ಜರ್ಮನಿಯ ಸ್ಟುಟ್‌ಗಾರ್ಟ್ ಎಂಬ ಊರಿಗೆ. ಅದನ್ನು 'ಫಾರಿನ್ ಓದು' ಅಂತ ದೊಡ್ಡದಾಗಿ ಹೇಳಿಕೊಳ್ಳಲು ನನಗೇ ಸಂಕೋಚ. ಆದರೆ ಅದೇ ಫೋನಿನಲ್ಲಿ ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು. ನಮ್ಮ ಶಾಲೆಗೆ ಈಗ ಬರುತ್ತಿರುವ ಮಕ್ಕಳಲ್ಲಿ ಬಹಳ ಜನ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಅಪ್ಪ ಅಮ್ಮನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು. ಆಂಧ್ರದವರು, ಬಿಹಾರದವರು, ನೇಪಾಳದವರೂ ಇದ್ದಾರೆ. ವರ್ಷದ ಮಧ್ಯದಲ್ಲಿ ಬಂದು ಸೇರುತ್ತಾರೆ, ಮೊದಲ ಎರಡು ತಿಂಗಳು ಬಾಯೇ ಬಿಡುವುದಿಲ್ಲ ಅಂದರು. ಆ ಎರಡು ತಿಂಗಳು ಏನು ಅಂತ ನನಗೆ ಸ್ವಲ್ಪ ಗೊತ್ತಿದೆ. ಆದ್ದರಿಂದ ಅಲ್ಲಿ ಏನೇನು ನೋಡಿದೆ ಅನ್ನುವುದನ್ನು ಪಕ್ಕಕ್ಕಿಟ್ಟು, ಗೊತ್ತಿಲ್ಲದ ಊರಿನಲ್ಲಿ ಒಬ್ಬ ವಿದ್ಯಾರ್ಥಿ ಹೇಗೆ ಒಗ್ಗಿಕೊಳ್ಳುತ್ತಾನೆ, ಅವನನ್ನು ಒಗ್ಗಿಸುವವರು ಯಾರು ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲು ದುಡ್ಡಿನ ಮಾತು, ಯಾಕೆಂದರೆ ನಮ್ಮಂಥವರ ಮನೆಯಲ್ಲಿ ಮೊದಲು ಬರುವುದೇ ಅದು. ನಮ್ಮಪ್ಪ ಆಟೋ ಓಡಿಸುತ್ತಿದ್ದರು ಅನ್ನುವುದು ಇಲ್ಲಿರುವ ಅರ್ಧ ಜನಕ್ಕೆ ಗೊತ್ತು, ನಿಮ್ಮಲ್ಲಿ ಕೆಲವರನ್ನು ಶಾಲೆಗೆ ಬಿಟ್ಟವರೂ ಅವರೇ. ಬಿಇ ಓದುವಾಗ ವಿನಿಮಯ ಯೋಜನೆ ಅಂತ ಒಂದಿರುತ್ತದೆ. ಒಂದು ಸೆಮಿಸ್ಟರ್ ಅಲ್ಲಿ ಓದಿ, ಅಲ್ಲಿ ಪಾಸು ಮಾಡಿದ ವಿಷಯಗಳನ್ನು ಇಲ್ಲಿನ ಲೆಕ್ಕಕ್ಕೆ ಹಾಕಿಕೊಳ್ಳುವುದು. ಫೀಸು ನಮ್ಮ ಕಾಲೇಜಿಗೇ ಕಟ್ಟಿರುತ್ತೇವೆ, ಅಲ್ಲಿ ಮತ್ತೆ ಕಟ್ಟಬೇಕಾಗಿಲ್ಲ. ಆದರೆ ಊಟ, ಬಾಡಿಗೆ, ವಿಮಾನ, ಆರೋಗ್ಯ ವಿಮೆ ಎಲ್ಲಾ ನಮ್ಮದೇ. ಆಗ ಒಂದು ಯೂರೋ ಅಂದರೆ ಸುಮಾರು 60 ರೂಪಾಯಿ. ಅಲ್ಲಿರುವಷ್ಟು ದಿನ ಖರ್ಚಿಗೆ ಹಣವಿದೆ ಅಂತ ಮೊದಲೇ ತೋರಿಸದಿದ್ದರೆ ವೀಸಾ ಸಿಗುವುದಿಲ್ಲ. ನನಗೆ ಒಂದು ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಹೋದೆ, ಇಲ್ಲದಿದ್ದರೆ ಹೋಗುತ್ತಿರಲಿಲ್ಲ. ನನ್ನಷ್ಟೇ ಅಂಕ ಇದ್ದ ಇನ್ನಿಬ್ಬರು ಸಹಪಾಠಿಗಳು ಆ ಯೋಜನೆಗೆ ಅರ್ಜಿ ಹಾಕುವುದಕ್ಕೂ ಧೈರ್ಯ ಮಾಡಲಿಲ್ಲ. ಅವರಿಗೆ ಇಂಥ ವೇತನ ಇದೆ ಅಂತ ಹೇಳುವವರೇ ಇರಲಿಲ್ಲ.

ಈಗಿನ ಲೆಕ್ಕ ಮಕ್ಕಳು ಬರೆದುಕೊಳ್ಳಿ. ಪೂರ್ತಿ ಪದವಿಗೆ ಜರ್ಮನಿಗೆ ಹೋಗುವ ವಿದ್ಯಾರ್ಥಿ ವರ್ಷಕ್ಕೆ 11,904 ಯೂರೋ ಒಂದು ತಡೆಹಿಡಿದ ಖಾತೆಯಲ್ಲಿ ಇಟ್ಟಿದ್ದೇನೆ ಅಂತ ತೋರಿಸಬೇಕು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಇದು 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೊತ್ತ. ನಮ್ಮ ದುಡ್ಡಿನಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಮಾತ್ರ 2017ರಿಂದ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ವಿನಿಮಯದಲ್ಲಿ ಹೋಗುವವರಿಗೆ ಅದೂ ಇಲ್ಲ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಇಬ್ಬರಿಗೂ ಇದೆ. ಇವೆಲ್ಲ ಪುಕ್ಕಟೆ ಕೊಡುವ ದಾನ ಅಲ್ಲ, ಓದುವವರ ಹಕ್ಕು. ಎಂಟನೇ ತರಗತಿಯಲ್ಲೇ ಈ ಹೆಸರುಗಳು ಕಿವಿಗೆ ಬಿದ್ದಿದ್ದರೆ ಸಾಕು, ಮುಂದೆ ಬೇಕಾದಾಗ ಹುಡುಕಿಕೊಳ್ಳುತ್ತೀರಿ.

ಸರಿ, ಹೋದದ್ದಾಯಿತು. ನಾನು ಸ್ಟುಟ್‌ಗಾರ್ಟ್ ತಲುಪಿದ್ದು ಅಕ್ಟೋಬರ್ 2, ಶನಿವಾರ ಸಂಜೆ. ಮಾರನೆಯ ದಿನ ಭಾನುವಾರ, ಜೊತೆಗೆ ಅವರ ರಾಷ್ಟ್ರೀಯ ಹಬ್ಬ. ಅಲ್ಲಿ ಭಾನುವಾರ ಅಂದರೆ ಅಂಗಡಿ ಎಲ್ಲಾ ಬಂದ್. ನಮ್ಮ ಬೀದಿಯ ಶೆಟ್ಟರ ಅಂಗಡಿ ಹಾಗೆ ಅರ್ಧ ಬಾಗಿಲು ತೆಗೆದು ಹಾಲಿನ ಪ್ಯಾಕೆಟ್ ಕೊಡುವವರು ಯಾರೂ ಇಲ್ಲ. ವಿದ್ಯಾರ್ಥಿ ನಿಲಯದ ಆಫೀಸು ಶುಕ್ರವಾರವೇ ಮುಚ್ಚಿದೆ. ಹಾಗಿದ್ದರೂ ನಾನು ಬೀದಿಯಲ್ಲಿ ನಿಲ್ಲಲಿಲ್ಲ. ಅಲ್ಲಿನ ವಿಶ್ವವಿದ್ಯಾಲಯ ಹೊರದೇಶದಿಂದ ಬರುವ ಪ್ರತಿಯೊಬ್ಬನಿಗೂ ಸ್ಥಳೀಯ ವಿದ್ಯಾರ್ಥಿಯೊಬ್ಬನನ್ನು ಜೊತೆಗಾರನನ್ನಾಗಿ ಗೊತ್ತುಮಾಡಿರುತ್ತದೆ. ಆ ಹುಡುಗ ರೈಲ್ವೆ ಸ್ಟೇಷನ್‌ನಲ್ಲಿ ನನ್ನ ಹೆಸರು ಬರೆದ ಕಾಗದ ಹಿಡಿದು ನಿಂತಿದ್ದ. ಒಂದು ಕೈಯಲ್ಲಿ ರೂಮಿನ ಕೀ, ಇನ್ನೊಂದು ಕೈಯಲ್ಲಿ ಬ್ರೆಡ್ಡು, ಹಾಲು, ಸೇಬುಹಣ್ಣು ಇದ್ದ ಬಟ್ಟೆಯ ಚೀಲ.

ಆ ಸ್ಟೇಷನ್ನಿನ ಪಕ್ಕದಲ್ಲಿ ಕಟ್ಟಿದ್ದ ಬೇಲಿಯ ತುಂಬ ಕೈಬರಹದ ಫಲಕಗಳು, ಹೂವು, ಮೇಣದಬತ್ತಿ. ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು ಕೇಳಿದೆ. ಸ್ಟೇಷನ್ನನ್ನು ನೆಲದೊಳಗೆ ಕಟ್ಟುವ ದೊಡ್ಡ ಯೋಜನೆಗಾಗಿ ಪಕ್ಕದ ಉದ್ಯಾನದ ಹಳೆಯ ಮರಗಳನ್ನು ಕಡಿಯಲು ಹೊರಟಿದ್ದರಂತೆ. ಎರಡು ದಿನ ಹಿಂದೆ, ಸೆಪ್ಟೆಂಬರ್ 30ರಂದು, ಅಡ್ಡ ನಿಂತ ಜನರ ಮೇಲೆ ಪೊಲೀಸರು ಜಲಫಿರಂಗಿ ಹಾರಿಸಿದ್ದರು. ಶಾಲೆಯ ಮಕ್ಕಳೂ ಮುದುಕರೂ ಅದರಲ್ಲಿದ್ದರು. ಅದಕ್ಕೆ ಒಂದು ವರ್ಷ ಮೊದಲಷ್ಟೇ ನಮ್ಮಲ್ಲಿ ಮೆಟ್ರೊಗಾಗಿ ಜಯನಗರದ ನಂದಾ ರಸ್ತೆಯಲ್ಲಿ ಮರ ಕಡಿಯುವುದನ್ನು ವಿರೋಧಿಸಿ ಜನ ನಿಂತಿದ್ದರಲ್ಲ, ಅದು ನೆನಪಾಯಿತು. ಶ್ರೀಮಂತ ದೇಶದಲ್ಲಿ ಎಲ್ಲಾ ಸುಸೂತ್ರ ಅಂದುಕೊಂಡು ಹೋದವನಿಗೆ ಮೊದಲ ಅರ್ಧ ಗಂಟೆಯಲ್ಲೇ ಅದು ಅಷ್ಟು ಸುಲಭದ ಲೆಕ್ಕ ಅಲ್ಲ ಅನ್ನಿಸಿತು.

ಜೊತೆಗಾರ ಮಾಡಿದ ಕೆಲಸ ಏನು ಅಂತ ಕೇಳಿದರೆ, ದೊಡ್ಡದೇನೂ ಇಲ್ಲ. ವಾಸಸ್ಥಳದ ನೋಂದಣಿ ಮಾಡಿಸಿದ. ಅಲ್ಲಿ ಮನೆ ಬದಲಾಯಿಸಿದರೆ ನಗರದ ಕಚೇರಿಗೆ ಹೋಗಿ ವಿಳಾಸ ಬರೆಸಲೇಬೇಕು. ಆ ಕಾಗದ ಇದ್ದರೆ ಬ್ಯಾಂಕ್ ಖಾತೆ, ಖಾತೆ ಇದ್ದರೆ ವಿಮೆ, ವಿಮೆ ಇದ್ದರೆ ಕಾಲೇಜಿನ ದಾಖಲಾತಿ, ದಾಖಲಾತಿ ಇದ್ದರೆ ವಾಸದ ಪರವಾನಗಿ. ನಮ್ಮ ತಾಲ್ಲೂಕು ಆಫೀಸು ನೋಡಿದವರಿಗೆ ಈ ಸರಪಳಿ ಹೊಸದಲ್ಲ. ಕಚೇರಿಯೊಂದರಲ್ಲಿ ನನ್ನನ್ನು ಮೂರು ಸಲ ವಾಪಸು ಕಳಿಸಿದರು. ನಾಲ್ಕನೇ ಸಲ ಇವನು ಪಕ್ಕದಲ್ಲಿ ಕೂತಿದ್ದ, ಐದು ನಿಮಿಷದಲ್ಲಿ ಕೆಲಸ ಆಯಿತು. ಕಾಗದಪತ್ರ ಎಲ್ಲಾ ಮೊದಲಿನವೇ ಇದ್ದವು.

ಅದಕ್ಕಿಂತ ಮುಖ್ಯವಾಗಿ, ಎಲ್ಲೂ ಬರೆದಿಲ್ಲದ ವಿಷಯಗಳನ್ನು ಅವನು ಹೇಳಿದ. ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಅಂತ ಇದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ. ಆ ಹದಿನೈದು ನಿಮಿಷ ವಿಶ್ವವಿದ್ಯಾಲಯಗಳ ಹಳೆಯ ಪದ್ಧತಿ. ಆದರೆ ಅದೇ ಹತ್ತು ಗಂಟೆಗೆ ವೈದ್ಯರ ಹತ್ತಿರ ಸಮಯ ಗೊತ್ತಾಗಿದ್ದರೆ ಹತ್ತಕ್ಕೇ ಇರಬೇಕು. ಪಾಠ ಮುಗಿದಾಗ ಎಲ್ಲರೂ ಬೆಂಚನ್ನು ಗೆಣ್ಣಿನಿಂದ ಟಕಟಕ ಬಡಿಯುತ್ತಾರೆ. ಮೊದಲ ದಿನ ಗಲಾಟೆ ಅಂತ ಹೆದರಬೇಡ, ಅದು ಮೇಷ್ಟ್ರಿಗೆ ಚಪ್ಪಾಳೆ. ಅಂಕ ಒಂದು ಬಂದರೆ ಅತ್ಯುತ್ತಮ, ನಾಲ್ಕು ಬಂದರೆ ಹೇಗೋ ಪಾಸು, ಐದು ಬಂದರೆ ಫೇಲು. ಐದಕ್ಕೆ ಐದು ಬಂತು ಅಂತ ನಮ್ಮಮ್ಮ ಬೀದಿಗೆಲ್ಲ ಸಕ್ಕರೆ ಹಂಚುವ ಅಪಾಯ ಇತ್ತು. ಇನ್ನೊಂದು, ಪಾಠಕ್ಕೆ ಹೆಸರು ಬರೆಸುವುದೇ ಬೇರೆ, ಪರೀಕ್ಷೆಗೆ ಹೆಸರು ಬರೆಸುವುದೇ ಬೇರೆ. ಪರೀಕ್ಷೆಯ ನೋಂದಣಿಗೆ ಕೊನೆಯ ದಿನ ಇರುತ್ತದೆ. ಅದು ದಾಟಿದರೆ ಆರು ತಿಂಗಳು ಓದಿದ್ದರೂ ಪರೀಕ್ಷೆಗೆ ಕೂರುವ ಹಾಗಿಲ್ಲ. ಜೊತೆಗಾರ ಸಿಗದಿದ್ದ ಬೇರೆ ದೇಶದ ಹುಡುಗನೊಬ್ಬನಿಗೆ ಹಾಗೇ ಆಯಿತು. ಬುದ್ಧಿವಂತ, ನಮ್ಮೆಲ್ಲರಿಗೂ ಲೆಕ್ಕ ಹೇಳಿಕೊಡುತ್ತಿದ್ದ. ಒಂದು ವಿಷಯವೂ ಅವನ ಖಾತೆಗೆ ಬರಲಿಲ್ಲ.

ಓದಿನ ರೀತಿಯೂ ಬೇರೆ. ನಮ್ಮಲ್ಲಿ ಶೇಕಡ 85 ಹಾಜರಿ ಬೇಕು, ಮಧ್ಯೆ ಮಧ್ಯೆ ಇಂಟರ್ನಲ್ಸ್ ಇರುತ್ತದೆ, ಯಾರೋ ಹಿಂದೆ ಬಿದ್ದು ಓದಿಸುತ್ತಿರುತ್ತಾರೆ. ಅಲ್ಲಿ ಹಾಜರಿ ಕರೆಯುವವರಿಲ್ಲ. ಹೆಚ್ಚಿನ ವಿಷಯಗಳಿಗೆ ಕೊನೆಗೊಂದು ಪರೀಕ್ಷೆ, ಅಷ್ಟೆ. ಸೆಮಿಸ್ಟರಿಗೆ 30 ಕ್ರೆಡಿಟ್ ಅನ್ನುತ್ತಾರೆ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ದುಡಿಮೆ, ತರಗತಿಯ ಹೊರಗೆ ಕೂತು ಓದುವುದೂ ಸೇರಿ. ಇಷ್ಟು ಸ್ವಾತಂತ್ರ್ಯ ಕೊಟ್ಟರೆ ಒಬ್ಬ ವಿದ್ಯಾರ್ಥಿಗೆ ಸಂತೋಷ ಆಗಬೇಕು. ನನಗೆ ನೀರಿಗೆ ನೂಕಿದ ಹಾಗಾಯಿತು. ಎರಡು ವಿಷಯ ಇಂಗ್ಲಿಷಿನಲ್ಲಿತ್ತು, ಲ್ಯಾಬು ಜರ್ಮನ್‌ನಲ್ಲಿ.

ಭಾಷೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ನಾನು ಹತ್ತನೇ ತರಗತಿವರೆಗೆ ಇಲ್ಲಿ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಇಂಗ್ಲಿಷಿಗೆ ಒದ್ದಾಡಿದ್ದು ನಿಮಗೆಲ್ಲ ಗೊತ್ತಿರುವ ಕಥೆ. ಜರ್ಮನ್ ತರಗತಿಯಲ್ಲಿ ಮಾತ್ರ ಆಶ್ಚರ್ಯ ಕಾದಿತ್ತು. ಅಮೆರಿಕದ ಹುಡುಗಿಯೊಬ್ಬಳು ನನ್ನ ಪಕ್ಕ ಕೂರುತ್ತಿದ್ದಳು. 'ನೀನು'ಗೆ ಒಂದು ಪದ, 'ನೀವು'ಗೆ ಇನ್ನೊಂದು ಪದ ಯಾಕೆ, ಯಾವಾಗ ಯಾವುದು ಅಂತ ಅವಳಿಗೆ ತಲೆ ಕೆಟ್ಟುಹೋಗುತ್ತಿತ್ತು. ನಮಗೆ ಅದನ್ನು ಹೇಳಿಕೊಡಬೇಕೆ? 'ಯಾಕೆಂದರೆ', 'ಅವನು ಹೇಳಿದ್ದೇನೆಂದರೆ' ಅಂತ ವಾಕ್ಯ ಮುಂದುವರಿಸಿದರೆ ಜರ್ಮನ್‌ನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ, ಕನ್ನಡದ ಹಾಗೇ. ಪದಕ್ಕೆ ಪದ ಜೋಡಿಸಿ ಮಾರುದ್ದದ ಸಮಾಸ ಮಾಡುತ್ತಾರೆ. ಬರೆದ ಹಾಗೇ ಬಹುಮಟ್ಟಿಗೆ ಓದುತ್ತಾರೆ. ಇಂಗ್ಲಿಷ್ ಮೀಡಿಯಂನವರ ಮುಂದೆ ಹಿಂದೆ ಸರಿದು ಕೂರುವ ಅಭ್ಯಾಸವಾಗಿದ್ದ ನನಗೆ, ಕನ್ನಡ ಗೊತ್ತಿರುವುದೇ ಒಂದು ಅನುಕೂಲ ಆಗಿ ಒದಗಿದ್ದು ಅಲ್ಲೇ ಮೊದಲು.

ನಮ್ಮ ಕನ್ನಡ ಮೇಷ್ಟ್ರು ಕಿಟೆಲ್ ನಿಘಂಟಿನ ಬಗ್ಗೆ ಹೇಳುತ್ತಿದ್ದರು. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಾಸೆಲ್ ಮಿಷನ್ ಮೂಲಕ ನಮ್ಮ ನಾಡಿಗೆ ಬಂದವರು. ಆಗ ಅವರಿಗೆ ಇಪ್ಪತ್ತೊಂದು ವಯಸ್ಸು, ನಾನು ಅಲ್ಲಿಗೆ ಹೋದ ವಯಸ್ಸೇ. ಸುಮಾರು 70,000 ಪದಗಳ ಆ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರು ಕೊನೆಗಾಲದಲ್ಲಿ ನೆಲೆಸಿ, 1903ರಲ್ಲಿ ತೀರಿಕೊಂಡ ಊರು ಟ್ಯೂಬಿಂಗೆನ್, ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆ. 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಅದೇ ಊರಿನಲ್ಲಿ. ನವೆಂಬರಿನ ಒಂದು ಭಾನುವಾರ ಒಬ್ಬನೇ ಹೋಗಿ ಆ ಊರಿನ ಹೊಳೆದಂಡೆಯಲ್ಲಿ ಸಂಜೆಯವರೆಗೆ ಓಡಾಡಿ ಬಂದೆ. ನೋಡಲು ಏನೂ ಹುಡುಕಲಿಲ್ಲ. ಇಲ್ಲಿಂದ ಹೊರಟ ಒಬ್ಬ ಹುಡುಗನಿಗೆ ಧಾರವಾಡದ ಕಡೆ ಮೊದಲ ಆರು ತಿಂಗಳು ಹೇಗಿತ್ತೋ, ಯಾರ ಜೊತೆ ಮಾತಾಡುತ್ತಿದ್ದನೋ ಅಂತ ಯೋಚಿಸುತ್ತಿದ್ದೆ.

ನಾನು ಒಬ್ಬನೇ ಯಾಕೆ ಹೋದೆ ಅಂದರೆ, ಅಷ್ಟು ಹೊತ್ತಿಗೆ ಒಬ್ಬನೇ ಇರುವುದೇ ಬದುಕಾಗಿತ್ತು. ಮಕ್ಕಳೇ, ಇದನ್ನು ಯಾರೂ ಹೇಳುವುದಿಲ್ಲ. ಮೊದಲ ಎರಡು ವಾರ ಎಲ್ಲಾ ಹೊಸದು, ಹಬ್ಬದ ಹಾಗಿರುತ್ತದೆ. ಮೂರನೇ ವಾರದಿಂದ ಶುರು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ನಾಲ್ಕೂವರೆಗೆಲ್ಲ ಕತ್ತಲು. ಇಲ್ಲಿಗೂ ಅಲ್ಲಿಗೂ ಮೂರೂವರೆ ಗಂಟೆ ಇದ್ದ ವ್ಯತ್ಯಾಸ ನಾಲ್ಕೂವರೆ ಆಗುತ್ತದೆ. ನಾನು ರೂಮಿಗೆ ಬರುವ ಹೊತ್ತಿಗೆ ಇಟ್ಟಮಡು ಮಲಗಿರುತ್ತಿತ್ತು. ಭಾನುವಾರ ಮಾತ್ರ ಅಪ್ಪ ಅಮ್ಮ ಸೈಬರ್ ಸೆಂಟರಿಗೆ ಹೋಗಿ ಸ್ಕೈಪ್‌ನಲ್ಲಿ ಕೂರುತ್ತಿದ್ದರು. "ಊಟ ಆಯ್ತೇನಪ್ಪ?" "ಆಯ್ತಮ್ಮ." "ಚಳಿನಾ?" "ಇಲ್ಲ." ಆಮೇಲೆ ಇಬ್ಬರಿಗೂ ಮಾತಿಲ್ಲ. ಅಪ್ಪ ಹೆಡ್‌ಫೋನ್ ತೆಗೆದು ಸೆಂಟರಿನ ಹುಡುಗನಿಗೆ ಎಷ್ಟಾಯಿತು ಅಂತ ಕೇಳುವುದು ಕೇಳಿಸುತ್ತಿತ್ತು.

ಊಟದ ತೊಂದರೆ ಬೇಗ ಕಳೆಯಿತು. ಶ್ರೀಲಂಕಾದ ತಮಿಳರ ಅಂಗಡಿಯಲ್ಲಿ ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು ಸಿಗುತ್ತಿತ್ತು. ಅಮ್ಮ ಕೊಟ್ಟ ಹುಳಿಪುಡಿ ಜನವರಿವರೆಗೆ ಬಂತು. ಅಲ್ಲಿನವರದೇ ಒಂದು ಅಡುಗೆ ಇದೆ, ಬೇಯಿಸಿದ ಬೇಳೆಯ ಜೊತೆ ಮೊಟ್ಟೆ ಹಾಕಿದ ಗಟ್ಟಿ ಶಾವಿಗೆ. ಮಾಂಸ ಬೇಡ ಅಂದರೆ ಹಾಗೇ ಕೊಡುತ್ತಾರೆ. ಅವರೆಕಾಯಿ ಕಾಲ ಒಂದು ತಪ್ಪಿತು, ಅಷ್ಟೆ.

ತೊಂದರೆ ಮನೆಯದು. ವಿದ್ಯಾರ್ಥಿ ನಿಲಯದ ರೂಮು ಮೂರು ವಾರಕ್ಕೆ ಮಾತ್ರ ಇತ್ತು, ಆಮೇಲೆ ನಾವೇ ಹುಡುಕಿಕೊಳ್ಳಬೇಕು. ಫೋನಿನಲ್ಲಿ ನನ್ನ ಹೆಸರು ಕೇಳಿದ ಕೂಡಲೇ "ಮನೆ ಹೋಗಿಬಿಟ್ಟಿತು" ಅಂದವರು ನಾಲ್ಕು ಜನ. ಅದೇ ಮನೆಗೆ ಜೊತೆಗಾರ ಫೋನ್ ಮಾಡಿದರೆ "ನಾಳೆ ಬಂದು ನೋಡಿ" ಅನ್ನುತ್ತಿದ್ದರು. ಸಿಟ್ಟು ಬಂತು. ಆದರೆ ಆ ಸಿಟ್ಟು ಬಂದ ರಾತ್ರಿಯೇ ನಮ್ಮ ಬೀದಿಯ 'ಮನೆ ಬಾಡಿಗೆಗಿದೆ' ಬೋರ್ಡುಗಳೂ ಕಣ್ಣಮುಂದೆ ಬಂದವು. ಹೆಸರು ಕೇಳಿ, ಊರು ಕೇಳಿ, ಜಾತಿ ಕೇಳಿ, ಏನು ತಿನ್ನುತ್ತೀರಿ ಅಂತ ಕೇಳಿ, ಆಮೇಲೆ "ಮನೆ ಹೋಗ್ಬಿಡ್ತು" ಅನ್ನುವುದನ್ನು ನಾನು ಕೇಳಿಕೊಂಡೇ ಬೆಳೆದವನು. ಊರಿನ ಹಿರಿಯರು ಬೇಸರ ಮಾಡಿಕೊಳ್ಳಬಾರದು, ನಮ್ಮ ಊರು ಅಂತ ಸಲುಗೆಯಿಂದ ಹೇಳುತ್ತಿದ್ದೇನೆ.

ಕೊನೆಗೆ ಮೂರು ಅಂತಸ್ತಿನ ಒಂದು ಹಳೆಯ ಕಟ್ಟಡದಲ್ಲಿ, ಇಬ್ಬರು ವಿದ್ಯಾರ್ಥಿಗಳ ಜೊತೆ ಒಂದು ಕೋಣೆ ಸಿಕ್ಕಿತು. ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಲ್ಲಿದೆ.

ಸ್ಟುಟ್‌ಗಾರ್ಟ್ ಕಡೆ 'ಕೇರ್‌ವೋಖೆ' ಅಂತ ಒಂದು ಪದ್ಧತಿ. ಗುಡಿಸುವ ವಾರ ಅಂತ ಅರ್ಥ. ಕಟ್ಟಡದ ಮೆಟ್ಟಿಲು, ಕೈಪಿಡಿ, ಮುಂಬಾಗಿಲು, ಮುಂದಿನ ಕಾಲುದಾರಿ, ಇವನ್ನೆಲ್ಲ ಪ್ರತಿ ಮನೆಯವರು ವಾರಕ್ಕೊಬ್ಬರಂತೆ ಸರದಿಯ ಮೇಲೆ ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಹಲಗೆ ತಂದು ನೇತುಹಾಕುತ್ತಾರೆ. ವಾರ ಮುಗಿದ ಮೇಲೆ ಅವರು ಅದನ್ನು ಮುಂದಿನ ಬಾಗಿಲಿಗೆ ಹಾಕುತ್ತಾರೆ. ಡಾಕ್ಟರಿರಲಿ, ಪ್ರೊಫೆಸರಿರಲಿ, ಹಲಗೆ ಬಂತು ಅಂದರೆ ಗುಡಿಸಬೇಕು. ಇದರ ಬೇರು 1492ರ ಊರ ಕಟ್ಟಳೆಯಲ್ಲಿದೆ ಅನ್ನುತ್ತಾರೆ: ಪ್ರತಿಯೊಬ್ಬರೂ ತಮ್ಮ ಮನೆಯ ತಿಪ್ಪೆಯನ್ನು ವಾರಕ್ಕೊಮ್ಮೆ ಊರಾಚೆ ಸಾಗಿಸಬೇಕು ಅಂತ ಎಬರ್‌ಹಾರ್ಡ್ ಎಂಬ ದೊರೆಯ ಕಾಲದಲ್ಲಿ ಬರೆದದ್ದು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನೂ ಅದೇ ದೊರೆ. ಈಗ ಅದು ನಗರದ ಕಾನೂನಲ್ಲ, ಬಾಡಿಗೆ ಕರಾರಿನಲ್ಲಿ ಬರೆದಿರುತ್ತದೆ. ಅಲ್ಲಿನ ಜವಾನರೇ ಇದನ್ನು ಗೇಲಿ ಮಾಡುತ್ತಾರೆ, ಗೇಲಿ ಮಾಡುತ್ತಲೇ ಗುಡಿಸುತ್ತಾರೆ ಕೂಡ.

ನಾನು ಸೇರಿಕೊಂಡು ಮೂರು ವಾರ ಆಗಿತ್ತು. ಮೆಟ್ಟಿಲಿನಲ್ಲಿ ಎದುರಾದವರು ತಲೆ ತಗ್ಗಿಸಿ ಹೋಗುತ್ತಿದ್ದರು. ಕೆಳಮನೆಯಲ್ಲಿ ಒಬ್ಬ ಅಜ್ಜ ಇದ್ದರು, ಅವರಂತೂ ನನ್ನನ್ನು ಗೋಡೆಯ ಹಾಗೆ ನೋಡುತ್ತಿದ್ದರು. ಒಂದು ಸೋಮವಾರ ಹಲಗೆ ನಮ್ಮ ಬಾಗಿಲಿಗೆ ಬಂತು. ಜೊತೆಯಲ್ಲಿದ್ದ ಇಬ್ಬರೂ ಊರಿಗೆ ಹೋಗಿದ್ದರು. ನಾನು ಬಕೆಟ್, ಪೊರಕೆ, ಬಟ್ಟೆ ತೆಗೆದುಕೊಂಡು, ನಮ್ಮ ಶಾಲೆಯಲ್ಲಿ ಶನಿವಾರ ತರಗತಿ ತೊಳೆಯುತ್ತಿದ್ದೆವಲ್ಲ, ಹಾಗೇ ಬಗ್ಗಿಕೊಂಡು ಮೇಲಿನಿಂದ ಕೆಳಗಿನವರೆಗೆ ಮೂಲೆ ಮೂಲೆ ಒರೆಸಿದೆ. ಅಲ್ಲಿನವರು ಉದ್ದ ಕೋಲಿನಿಂದ ನಿಂತು ಒರೆಸುತ್ತಾರೆ. ನಾನು ಕುಕ್ಕರಗಾಲಲ್ಲಿ ಕೂತು ಒರೆಸುವುದನ್ನು ಅಜ್ಜ ಬಾಗಿಲು ತೆಗೆದು ನೋಡಿದರು. ಆಮೇಲೆ ಕೈಪಿಡಿಯ ಕೆಳಭಾಗದಲ್ಲಿ ಬೆರಳಾಡಿಸಿ ನೋಡಿದರು. ಅಲ್ಲೂ ಧೂಳಿರಲಿಲ್ಲ. ಎಲ್ಲಿಯವನು ಅಂದರು. ಬೆಂಗಳೂರು ಅಂದೆ. "ಆಡುಗೋಡಿ?" ಅಂದರು!

ಅವರು ಬಾಷ್ ಕಾರ್ಖಾನೆಯಲ್ಲಿ ನಿವೃತ್ತರಾದವರು. ರಾಬರ್ಟ್ ಬಾಷ್ 1886ರಲ್ಲಿ ಕಂಪನಿ ಶುರು ಮಾಡಿದ್ದೇ ಸ್ಟುಟ್‌ಗಾರ್ಟ್‌ನಲ್ಲಿ. ನಮ್ಮ ಮೈಕೋ, ಅಂದರೆ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅದರದೇ ಕವಲು. 2008ರಲ್ಲಿ ಅದರ ಹೆಸರೂ ಬಾಷ್ ಅಂತಲೇ ಆಯಿತು. ಇಲ್ಲಿ ಕೂತಿರುವ ಹಿರಿಯರಲ್ಲಿ ಮೈಕೋದಲ್ಲಿ ದುಡಿದವರು, ಮೈಕೋ ಲೇಔಟಿನಲ್ಲಿ ನೆಂಟರಿರುವವರು ಇದ್ದೇ ಇರುತ್ತೀರಿ. ಆ ಅಜ್ಜ ಆಡುಗೋಡಿಯಿಂದ ತರಬೇತಿಗೆ ಬಂದವರ ಜೊತೆ ಕೆಲಸ ಮಾಡಿದ್ದರಂತೆ. ಅವತ್ತಿನಿಂದ ನಾನು ಎದುರಾದಾಗಲೆಲ್ಲ ನಿಂತು ನಮಸ್ಕಾರ ಹೇಳಿ, ನಿಧಾನವಾಗಿ, ನನಗೆ ಅರ್ಥ ಆಗುವ ಹಾಗೆ ಜರ್ಮನ್ ಮಾತಾಡುತ್ತಿದ್ದರು. ಡಿಸೆಂಬರಿನಲ್ಲಿ ಹಿಮ ಸುರಿಯಿತು, ಆ ವರ್ಷ ಬಹಳವೇ ಸುರಿಯಿತು. ಬೆಳಿಗ್ಗೆ ಏಳರೊಳಗೆ ಮನೆಯ ಮುಂದಿನ ಕಾಲುದಾರಿಯ ಹಿಮ ಎತ್ತಿರಬೇಕು, ಯಾರಾದರೂ ಜಾರಿ ಬಿದ್ದರೆ ಹೊಣೆ ನಮ್ಮದು. ಅಜ್ಜನ ಸರದಿಯ ವಾರ ಅವರ ಸೊಂಟ ಹಿಡಿದುಕೊಂಡಿತ್ತು. ನಾನು ಎತ್ತಿದೆ. ಕ್ರಿಸ್‌ಮಸ್‌ಗೆ ಒಂದು ಡಬ್ಬ ಬಿಸ್ಕತ್ತು ಬಂತು, ಹೊಸವರ್ಷಕ್ಕೆ ಊಟಕ್ಕೆ ಕರೆದರು. ಆ ಕಟ್ಟಡದ ಬೇರೆ ಮನೆಯವರ ಹೆಸರುಗಳೂ ಆ ಹೊತ್ತಿಗೆ ಗೊತ್ತಾಗಿದ್ದವು.

ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ವಿಶ್ವವಿದ್ಯಾಲಯ ನಮಗೆ ಸ್ವಾಗತ ಸಮಾರಂಭ ಮಾಡಿತ್ತು, ಹಾಡು, ಭಾಷಣ, ಬ್ಯಾಗು ಎಲ್ಲಾ ಕೊಟ್ಟಿತ್ತು. ಅವತ್ತು ನಾನು ಅತಿಥಿ. ಅತಿಥಿಗೆ ಯಾರೂ ಕೆಲಸ ಹೇಳುವುದಿಲ್ಲ, ಮೂರು ದಿನದ ಮೇಲೆ ಮಾತೂ ಆಡಿಸುವುದಿಲ್ಲ. ಹಲಗೆ ನನ್ನ ಬಾಗಿಲಿಗೆ ಬಂದ ದಿನ ನಾನು ಆ ಕಟ್ಟಡದವನಾದೆ. ಕರುಣೆಯಿಂದ ಯಾರೂ ಒಳಗೆ ಸೇರಿಸಿಕೊಳ್ಳಲಿಲ್ಲ. ನನಗೂ ಒಂದು ಸರದಿ ಇದೆ ಅಂತ ಲೆಕ್ಕಕ್ಕೆ ಹಿಡಿದರು. ಓದಿಗೂ ಇದರ ಪರಿಣಾಮ ಆಯಿತು. ಲ್ಯಾಬಿನಲ್ಲಿ ಅಲ್ಲಿಯವರೆಗೆ ಪಕ್ಕದಲ್ಲಿ ನಿಂತು ನೋಡುತ್ತಿದ್ದವನು, ಜನವರಿಯಲ್ಲಿ ಅಳತೆಯ ಭಾಗ ನಾನು ಮಾಡುತ್ತೇನೆ ಅಂತ ಕೇಳಿ ತೆಗೆದುಕೊಂಡೆ. ಮುರುಕು ಜರ್ಮನ್‌ನಲ್ಲೇ ವರದಿ ಒಪ್ಪಿಸಿದೆ. ಬೆಂಚು ಟಕಟಕ ಸದ್ದಾಯಿತು.

ಹೆಣ್ಣುಮಕ್ಕಳಿಗೆ ಒಂದು ಹೆಸರು ಹೇಳಿ ಮುಂದೆ ಹೋಗುತ್ತೇನೆ. ರಾಜೇಶ್ವರಿ ಚಟರ್ಜಿ. ಮೈಸೂರು ಸೀಮೆಯ ನಂಜನಗೂಡಿನವರು, 1922ರಲ್ಲಿ ಹುಟ್ಟಿದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. 1947ರಲ್ಲಿ, ಸ್ವಾತಂತ್ರ್ಯ ಬಂದ ವರ್ಷವೇ, ಸರ್ಕಾರಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ 30 ದಿನ ಹಡಗಿನಲ್ಲಿ ಹೋದರು. ಸ್ಕೈಪ್ ಇರಲಿ, ಫೋನೂ ಕೈಗೆಟುಕದ ಕಾಲ. ಅಲ್ಲಿ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ವಾಪಸು ಬಂದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮೈಕ್ರೋವೇವ್ ಕಲಿಸಿದರು. ನಮ್ಮ ರಾಜ್ಯದ ಮೊದಲ ಮಹಿಳಾ ಎಂಜಿನಿಯರ್ ಅಂತ ಅವರನ್ನೇ ಹೆಸರಿಸುತ್ತಾರೆ. ಬಾಡಿಗೆ ಮನೆ ಮೂರು ವಾರ ಸಿಗಲಿಲ್ಲ ಅಂತ ನಾನು ನಿಮ್ಮ ಮುಂದೆ ಹೇಳಿಕೊಂಡಿದ್ದು ಅವರ ಎದುರು ಎಷ್ಟರದು!

ಈಗ ನಮ್ಮ ಶಾಲೆಗೆ ಬರೋಣ. ಯಾದಗಿರಿಯಿಂದ ನವೆಂಬರಿನಲ್ಲಿ ಬಂದು ಎಂಟನೇ ತರಗತಿಗೆ ಸೇರುವ ಹುಡುಗಿಗೆ ಸ್ಟೇಷನ್ನಿನಲ್ಲಿ ಹೆಸರು ಬರೆದ ಕಾಗದ ಹಿಡಿದು ನಿಲ್ಲುವವರು ಯಾರಿದ್ದಾರೆ? ಅವಳ ಕನ್ನಡವೂ ಕನ್ನಡವೇ. "ಹೌದ್ರಿ" ಅಂದ ಕೂಡಲೇ ಹಿಂದಿನ ಬೆಂಚಿನವರು ನಗುತ್ತಾರೆ, ಮಾರನೆಯ ದಿನದಿಂದ ಆ ಮಗು ಬಾಯಿ ಬಿಡುವುದಿಲ್ಲ. ವರ್ಗಾವಣೆ ಪತ್ರ ಬಂದಿಲ್ಲ ಅಂತ ಮೇಸ್ತ್ರಿ ಕೆಲಸದ ಅಪ್ಪ ಎರಡು ದಿನದ ಕೂಲಿ ಬಿಟ್ಟು ಓಡಾಡುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ ಎಂಟನೇ ತರಗತಿವರೆಗೆ ಆ ಪತ್ರ ತಡವಾಯಿತು ಅನ್ನುವ ಕಾರಣಕ್ಕೆ ಪ್ರವೇಶ ನಿಲ್ಲಿಸುವ ಹಾಗಿಲ್ಲ. ನಮ್ಮ ಮೇಷ್ಟ್ರುಗಳಿಗೆ ಇದು ಗೊತ್ತಿದೆ, ಆ ಅಪ್ಪನಿಗೆ ಗೊತ್ತಿಲ್ಲ. ಆಮೇಲೆ ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ವಿದ್ಯಾರ್ಥಿವೇತನದ ಅರ್ಜಿ, ಬಿಎಂಟಿಸಿ ಪಾಸು. ಒಂದಿದ್ದರೆ ಇನ್ನೊಂದು ಅನ್ನುವ ಅದೇ ಸರಪಳಿ. ಪಕ್ಕದಲ್ಲಿ ಒಬ್ಬರು ಕೂತರೆ ಐದು ನಿಮಿಷದ ಕೆಲಸ.

ಹಳೆಯ ವಿದ್ಯಾರ್ಥಿ ಸಂಘದವರು ಕಂಪ್ಯೂಟರ್ ಕೊಡೋಣ, ಕಮಾನು ಕಟ್ಟಿಸೋಣ ಅಂತ ಮಾತಾಡುತ್ತಿದ್ದಾರೆ. ಕೊಡಲಿ, ಕಟ್ಟಿಸಲಿ, ನನ್ನ ಪಾಲಿನದನ್ನು ನಾನೂ ಕೊಡುತ್ತೇನೆ. ಅದರ ಜೊತೆ ಇದೊಂದು ಮಾಡೋಣ. ಹೊರಗಿನಿಂದ ಬಂದು ಸೇರುವ ಪ್ರತಿ ಮಗುವಿಗೆ ಅದೇ ತರಗತಿಯ ಅಥವಾ ಒಂದು ತರಗತಿ ಮೇಲಿನ ಒಬ್ಬ ಜೊತೆಗಾರ. ಶೌಚಾಲಯ ಎಲ್ಲಿ, ಬಿಸಿಯೂಟದ ತಟ್ಟೆ ಎಲ್ಲಿ ತೊಳೆಯಬೇಕು, ಯಾವ ಮೇಷ್ಟ್ರಿಗೆ ಯಾವ ನೋಟ್ ಪುಸ್ತಕ, ಯಾವ ಪರೀಕ್ಷೆಗೆ ಯಾವಾಗ ಹೆಸರು ಕೊಡಬೇಕು, ಇಷ್ಟನ್ನು ಹೇಳಿಕೊಡುವುದಕ್ಕೆ. ಆ ಮಗುವಿನ ಮನೆಯವರ ಕಾಗದಪತ್ರಕ್ಕೆ ನಮ್ಮಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ. ಮತ್ತೆ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಬಂದ ಮೊದಲ ವಾರವೇ ಆ ಮಗುವಿಗೆ ಏನಾದರೂ ಒಂದು ಸರದಿ ಕೊಡಿ. ಕರಿಹಲಗೆ ಒರೆಸುವುದೋ, ಗಂಟೆ ಬಾರಿಸುವುದೋ, ಪ್ರಾರ್ಥನೆಯಲ್ಲಿ ಪತ್ರಿಕೆ ಓದುವುದೋ. ಅವಳ ಊರಿನ ಕನ್ನಡದಲ್ಲೇ ಓದಲಿ.

ಸಂಘದ ಕಾರ್ಯದರ್ಶಿಗಳು ಬಾಗಿಲ ಹತ್ತಿರ ಒಂದು ನೋಟ್ ಪುಸ್ತಕ ಇಟ್ಟಿದ್ದಾರೆ. ಹೆಸರು, ಫೋನ್ ನಂಬರು, ವಾರದಲ್ಲಿ ಯಾವ ಹೊತ್ತು ಬಿಡುವು ಅಂತ ಬರೆದು ಹೋಗಿ. ತಾಲ್ಲೂಕು ಆಫೀಸಿನ ಓಡಾಟ ಗೊತ್ತಿರುವವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ತೆಲುಗು, ಹಿಂದಿ ಬರುವವರು ಅದನ್ನೂ ಬರೆಯಿರಿ. ನನ್ನ ಹೆಸರು ಮೊದಲನೇ ಸಾಲಿನಲ್ಲಿದೆ, ಶನಿವಾರ ಬೆಳಿಗ್ಗೆ ಎಂಟರಿಂದ ಹತ್ತು. ಜೂನ್ ಮೊದಲ ಶನಿವಾರ ಶುರು ಮಾಡುತ್ತೇವೆ, ಅವತ್ತು ಮೇಷ್ಟ್ರ ಕೊಠಡಿಯ ಪಕ್ಕದ ಕೋಣೆ ತೆರೆದಿರುತ್ತದೆ.